ತಪ್ಪು ನನ್ನದೇ ಅಂದವನ ಮೊಕದ್ದಮೆ

ಸೋರೆಲ್ ಕ್ರೀಕ್, ಒಹಾಯೊ
ಆಗಸ್ಟ್ ೧೭, ೧೯೯೮

ಡೀನಕ್ಕಾ,

ಮೊದಲು ಕ್ಷೇಮ ಸಮಾಚಾರ. ಮಕ್ಕಳು ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಜೋಳ ಆಳೆತ್ತರ ಮೀರಿದೆ. ಡಾಲಿಗೆ ಹೊಸ ಲಾಳ ಹೊಡೆಸಿದೆ. ಇನ್ನೊಂದು ಸಣ್ಣ ಸುದ್ದಿ ಏನೆಂದರೆ, ನಾನು ಅಪರಾಧಿಯಾಗಿದ್ದೇನೆ. ಇದು ನನ್ನ ಅಭಿಪ್ರಾಯವಲ್ಲ, ಸರ್ಕಾರದ್ದು. ಹಳದಿ ಕಾಗದದ ಮೇಲೆ ಬರೆದು, ಹರಿದು, ಕೈಗೆ ಕೊಟ್ಟಿದೆ.

ಶುಕ್ರವಾರ ಒಬ್ಬರಿಗೆ ರಿಪೇರಿ ಮಾಡಿದ ಕುದುರೆ ಸಜ್ಜು ಕೊಟ್ಟು ಅಂಗಡಿಗೆ ವಾಪಸು ಬರುತ್ತಿದ್ದೆ. ಹಳೇ ಹಾಲಿನ ಡೈರಿ ಹತ್ತಿರ ನಾಲ್ಕು ದಾರಿ ಕೂಡುತ್ತವಲ್ಲ, ಅಲ್ಲಿ ನಾಲ್ಕೂ ಕಡೆ 'ನಿಲ್ಲಿ' ಅನ್ನುವ ಕೆಂಪು ಫಲಕ ಇದೆ. ಡಾಲಿ ಅಲ್ಲಿ ನಾನು ಹೇಳದೆಯೇ ನಿಲ್ಲುತ್ತಾಳೆ. ಪ್ರಾಯವನ್ನೆಲ್ಲ ರೇಸಿನ ಮೈದಾನದಲ್ಲಿ ಸುಮ್ಮನೆ ಸುತ್ತು ಹಾಕಿ ಕಳೆದವಳು, ನಿಲ್ಲುವುದರ ಸುಖ ಅವಳಿಗೆ ಗೊತ್ತು. ನಿಂತೆವು. ನೋಡಿದೆವು. ಬಲಗಡೆ ದೂರದಲ್ಲಿ ಒಂದು ಕಾರು ಬರುತ್ತಿತ್ತು. ಅದೂ ನಿಲ್ಲುತ್ತದೆ ಅಂತ ಹೊರಟೆವು. ಗಾಡಿ ಮುಕ್ಕಾಲು ಪಾಲು ದಾಟಿತ್ತು, ಆ ಬೂದು ಬಣ್ಣದ ಕಾರು ಪ್ರಾರ್ಥನೆಗೆ ಹೊರಟವರ ಹಾಗೆ ನಿಧಾನವಾಗಿ, ಗಂಭೀರವಾಗಿ ಬಂದು ಹಿಂದಿನ ಚಕ್ರವನ್ನು ಮುಟ್ಟಿತು. ಚಕ್ರದ ಎರಡು ಕಡ್ಡಿ ಮುರಿದವು, ಕಾರಿನ ಒಂದು ದೀಪ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ.

ಕಾರಿನಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದಳು. ಕಾರಿನ ಬಾಗಿಲನ್ನು ಬಿಡದೆ ಹಿಡಿದುಕೊಂಡೇ ನಿಂತಳು. ಅಂಥ ಹೊತ್ತಿನಲ್ಲಿ ಮನುಷ್ಯ ಏನು ಹೇಳಬೇಕೋ ಅದನ್ನೇ ಹೇಳಿದೆ: "ತಪ್ಪು ನನ್ನದೇ ಅಮ್ಮಾ, ಕ್ಷಮಿಸಿ."

ನಮ್ಮವರಾಗಿದ್ದರೆ ಏನಾಗುತ್ತಿತ್ತು ಅಂತ ನಿನಗೆ ಗೊತ್ತು. "ಇಲ್ಲ ಇಲ್ಲ, ನನ್ನದು" ಅನ್ನುತ್ತಿದ್ದಳು. ನಾನು ಮತ್ತೆ ನನ್ನದು ಅನ್ನುತ್ತಿದ್ದೆ. ಹಾಗೆ ಒಂದಷ್ಟು ಸಲ ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು, ಇಬ್ಬರ ಎದೆಬಡಿತವೂ ಇಳಿದ ಮೇಲೆ, ಸರಿ, ಈಗ ನಿಜವಾಗಿ ಯಾರದು ನೋಡೋಣ ಅನ್ನುತ್ತಿದ್ದೆವು. ಬೇಲಿ ವಿಷಯದಲ್ಲಿ ಅಪ್ಪನೂ ಹೆನ್ರಿ ಮಾವನೂ ಅರ್ಧ ದಿನ ಹೀಗೆ ಜಗಳವಾಡಿದ್ದರಲ್ಲ. ಆದರೆ ಇವಳು ಇಂಗ್ಲಿಷರವಳು. ಕಾರು ಕರೆಂಟು ಬಿಟ್ಟು ಕುದುರೆ ಗಾಡಿಯಲ್ಲೇ ಓಡಾಡುವ ನಮಗೆ, ನಮ್ಮ ಸಭೆಯವರಲ್ಲದವರನ್ನೆಲ್ಲ ಇಂಗ್ಲಿಷರು ಅಂತ ಕರೆಯುವುದಷ್ಟೇ ಗೊತ್ತು. ನಮ್ಮ ಈ ಮಾತಿನ ಎರಡನೇ ಅರ್ಧ ಅವರಿಗೆ ಗೊತ್ತಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಅವಳು ದೊಡ್ಡ ಉಸಿರುಬಿಟ್ಟು, "ಹೌದಾ? ಸದ್ಯ" ಅಂದಳು. ಅಲ್ಲಿಗೆ ತಪ್ಪು ನನ್ನ ಹತ್ತಿರವೇ ಉಳಿಯಿತು.

ಪೊಲೀಸಿನವನು ಬಂದ. ಮರ್ಯಾದಸ್ಥ ಹುಡುಗ. ಇವರೇ ಒಪ್ಪಿಕೊಂಡರು ಅಂತ ಅವಳು ಹೇಳಿದಳು. ಹಾಗಂದಿರಾ ಅಂತ ನನ್ನನ್ನು ಕೇಳಿದ. ಅಂದಿದ್ದೆ, ಹೌದು ಅಂದೆ. ಫಲಕದ ಹತ್ತಿರ ದಾರಿ ಬಿಡದೆ ನುಗ್ಗಿದ ಅಂತ ಬರೆದುಕೊಂಡ.

ಆ ಕಾಗದದ ಬೆನ್ನಿಗೆ ಒಂದು ಗೆರೆ ಇದೆ. 'ನಾನು ತಪ್ಪಿತಸ್ಥ' ಅಂತ ಅದರ ಮೇಲೆ ಸಹಿ ಹಾಕಿ ದಂಡ ಕಳಿಸಬೇಕು, ಇಲ್ಲವಾದರೆ ಕೋರ್ಟಿಗೆ ಬರಬೇಕು. ಅಕ್ಕಾ, ಬಾಯಲ್ಲಿ ಹೇಳಿದ್ದು ಉಪಚಾರ. ಸಹಿ ಹಾಕಿದರೆ ಸುಳ್ಳು. ಏನು ಮಾಡಲಿ ಹೇಳು.

ನಿನ್ನ ತಮ್ಮ,
ಆಟ್ಲಿ


ಬೇರ್ ರನ್, ವಿಸ್ಕಾನ್ಸಿನ್
ಆಗಸ್ಟ್ ೨೬

ಲೋ ಆಟ್ಲಿ,

ಐವತ್ತೆಂಟು ವರ್ಷಕ್ಕೆ ಮೊದಲ ಅಪರಾಧ. ನೀನು ನಡೆಯೋದು, ಮಾತಾಡೋದು, ಮದುವೆ ಆಗಿದ್ದು ಎಲ್ಲ ನಿಧಾನ, ಕೆಡೋದರಲ್ಲೂ ನಿಧಾನವೇ.

ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಮೊಟ್ಟೆ ಬುಟ್ಟಿ ಬೀಳಿಸಿ, ಕೋಳಿ ಬೀಳಿಸಿತು ಅಂತ ಅತ್ತವನು ನೀನು. ಈಗ ಸತ್ಯದ ಗುತ್ತಿಗೆ ಹಿಡಿದಿದ್ದೀಯ. ಸಹಿ ಹಾಕಿ ಕಳಿಸಿಬಿಡು. ನಮ್ಮ ಜನ ಕೋರ್ಟಿನ ಮೆಟ್ಟಿಲು ಹತ್ತೋದಿಲ್ಲ. ಲೋವಿನಾ ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ನಿನ್ನ ಕೈ ಹಿಡಿದು ಸಹಿ ಹಾಕಿಸಿ, ಲಕೋಟೆಗೂ ಅವಳೇ ಅಂಟು ಹಚ್ಚುತ್ತಿದ್ದಳು. ಹೆಂಡತಿ ಇಲ್ಲದ ಗಂಡಸಿಗೆ ಯೋಚನೆ ಮಾಡೋಕೆ ಸಮಯ ಜಾಸ್ತಿ.

ನನ್ನ ಅಕ್ಷರ ದಪ್ಪವಾಗಿದೆ ಅಂತ ನಗಬೇಡ. ಮಗ ಮಾರ್ವಿನ್ ತಂದಿರೋ ಪೆನ್ನೇ ಅಂಥದು. ಬುಧವಾರದ ಕೌದಿ ಹೊಲಿಯೋ ಕೂಟಕ್ಕೆ ಈಗೀಗ ಹೋಗ್ತಿಲ್ಲ. ಮಂಡಿ ನೋವು. ಕುದುರೆಗೂ ಸ್ವಲ್ಪ ವಿಶ್ರಾಂತಿ ಆಗಲಿ ಅಂತ. ಅಂಗಡಿ ಸಾಮಾನು ಸೊಸೆ ತಂದುಕೊಡ್ತಾಳೆ, ನಾನು ರಾಣಿಯ ಹಾಗೆ ಕೂತಿರ್ತೀನಿ.

ಆ ಹೆಂಗಸು ಯಾರು, ಎಷ್ಟು ವಯಸ್ಸು, ಏನೂ ಬರೆದಿಲ್ಲ. ಕುದುರೆ ಲಾಳದ ಸುದ್ದಿ ಮಾತ್ರ ಬರೆದಿದ್ದೀಯ.

ಡೀನಾ


ಸೋರೆಲ್ ಕ್ರೀಕ್
ಸೆಪ್ಟೆಂಬರ್ ೬

ಡೀನಕ್ಕಾ,

ನಿನ್ನ ಮಂಡಿಗೆ ಎಣ್ಣೆ ತಿಕ್ಕಿಸಿಕೋ.

ನಮ್ಮ ಬಿಷಪ್ ಯೂರಾ ಮಾಸ್ಟ್ ಅವರ ಹತ್ತಿರ ಹೋಗಿದ್ದೆ. ಅವರು ಹುಲ್ಲು ಒಟ್ಟುತ್ತಿದ್ದರು, ನಾನೂ ಒಂದು ಕವೆಗೋಲು ಹಿಡಿದೆ. ಇಬ್ಬರೂ ಸೇರಿ ಅರ್ಧ ಬಣವೆ ಮುಗಿಸಿದೆವು. ಆಮೇಲೆ, ಕೋರ್ಟಿಗೆ ಹೋಗುವುದು ನಮಗೆ ಸಲ್ಲದು, ಸುಳ್ಳಿಗೆ ಸಹಿ ಹಾಕುವುದೂ ಸಲ್ಲದು, ಆದ್ದರಿಂದ ದುಡ್ಡು ಕೊಟ್ಟುಬಿಡು, ಸಹಿ ಮಾತ್ರ ಹಾಕಬೇಡ ಅಂದರು. ಸೊಲೊಮೋನನಿಗೂ ಇದಕ್ಕಿಂತ ಒಳ್ಳೆ ತೀರ್ಪು ಹೊಳೆಯುತ್ತಿರಲಿಲ್ಲ ಅಂದುಕೊಂಡು ಕೋರ್ಟಿನ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸು ನನ್ನ ದುಡ್ಡು ನೋಡಿದಳು, ಖಾಲಿ ಗೆರೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಸಹಿ ಇಲ್ಲದೆ ದುಡ್ಡು ಮುಟ್ಟುವ ಹಾಗಿಲ್ಲವಂತೆ. ಸರ್ಕಾರ ದುಡ್ಡು ಬೇಡ ಅಂದದ್ದನ್ನು ಕಣ್ಣಾರೆ ನೋಡಿದ ಪುಣ್ಯವಂತ ನಾನು. ಹಾಗಾದರೆ ಒಪ್ಪುವುದಿಲ್ಲ ಅಂತ ಬರೆದುಕೊಳ್ಳಲೇ ಅಂತ ಕೇಳಿದಳು. ಇನ್ನೇನು ಉಳಿದಿತ್ತು? ಹೂಂ ಅಂದೆ. ಇದೇ ಇಪ್ಪತ್ತೊಂಬತ್ತಕ್ಕೆ ವಿಚಾರಣೆ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಅಕ್ಟೋಬರ್ ಹನ್ನೊಂದಕ್ಕೆ ನಮ್ಮ ಒಪ್ಪಿಗೆಯ ಸಭೆ. ದೇವರೊಂದಿಗೂ ಎಲ್ಲ ಮನುಷ್ಯರೊಂದಿಗೂ ಸಮಾಧಾನ ಇದೆಯಾ ಅಂತ ಒಬ್ಬೊಬ್ಬರನ್ನೂ ಕೇಳುತ್ತಾರೆ. ಒಬ್ಬ ಇಲ್ಲ ಅಂದರೂ, ಇಪ್ಪತ್ತೈದಕ್ಕೆ ಎಲ್ಲರೂ ಕೂಡಿ ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ತಿನ್ನುವ ಪ್ರಭುಭೋಜನ ಇಡೀ ಸಭೆಗೇ ನಿಲ್ಲುತ್ತದೆ. ಈ ಕಾಗದವನ್ನು ಜೇಬಲ್ಲಿಟ್ಟುಕೊಂಡು ಹೂಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸುಳ್ಳಿಗೆ ಸಹಿ ಹಾಕಿ ಹೂಂ ಅನ್ನಲೂ ಬರುವುದಿಲ್ಲ. ಲೋವಿನಾ ತೀರಿಕೊಂಡ ವರ್ಷವೂ ನಾನು ಆ ರೊಟ್ಟಿ ತಪ್ಪಿಸಿದವನಲ್ಲ. ನನ್ನಿಂದ ಊರಿನವರಿಗೆಲ್ಲ ತಪ್ಪಿತು ಅಂತಾಗಬಾರದು.

ಆ ಹೆಂಗಸಿನ ಹೆಸರು ಅರ್ಲೀನ್ ಹಟನ್. ನಿನ್ನ ವಯಸ್ಸು, ಇಲ್ಲವೇ ಸ್ವಲ್ಪ ಜಾಸ್ತಿ. ಅಷ್ಟು ದೊಡ್ಡ ಕೆಂಪು ಫಲಕ ಕಾಣದವರು ಗಾಡಿ ಯಾಕೆ ಓಡಿಸಬೇಕು ಹೇಳು. ಅದೇ ದಾರಿಯಲ್ಲಿ ನಮ್ಮ ಶಾಲೆಯ ಮಕ್ಕಳು ಬುತ್ತಿ ಡಬ್ಬಿ ಹಿಡಿದು ಸಾಲಾಗಿ ನಡೆಯುತ್ತಾರೆ. ಮನೆಯಲ್ಲಿ ಕೂರಬಾರದೆ?

ಆಟ್ಲಿ


ಬೇರ್ ರನ್
ಸೆಪ್ಟೆಂಬರ್ ೧೪

ಆಟ್ಲಿ,

ಮನೆಯಲ್ಲಿ ಕೂರಬಾರದೆ ಅಂತ ಎಷ್ಟು ಸಲೀಸಾಗಿ ಬರೆದಿದ್ದೀಯ. ನೀನು ಕೂತು ನೋಡಿದ್ದೀಯಾ?

ಅವಳು ಎಲ್ಲಿಗೆ ಹೋಗ್ತಿದ್ದಳು ಅಂತ ಕೇಳಿದೆಯಾ? ಆ ವಯಸ್ಸಿನವಳು ಗಾಡಿ ತೆಗೆದಿದ್ದಾಳೆ ಅಂದರೆ ಹೋಗಲೇಬೇಕಾದ ಜಾಗ ಒಂದಿದೆ ಅಂತ. ಎರಡು ಕಡ್ಡಿ ಮುರಿದದ್ದಕ್ಕೆ ಒಬ್ಬ ಮುದುಕಿಯನ್ನು ಜನರೆದುರು ನಿಲ್ಲಿಸಿ ಕಣ್ಣು ಪರೀಕ್ಷೆ ಮಾಡಿಸಬೇಡ. ಸಹಿ ಹಾಕು. ಆ ಸುಳ್ಳಿನ ವಿಷಯ ದೇವರ ಹತ್ತಿರ ನಾನು ಮಾತಾಡ್ತೀನಿ.

ಇಲ್ಲಿ ಎಲ್ಲ ಸರಿಯಾಗಿದೆ.

ಡೀನಾ


ಸೋರೆಲ್ ಕ್ರೀಕ್
ಅಕ್ಟೋಬರ್ ೧

ಡೀನಕ್ಕಾ,

ನಿನಗೆ ಇಷ್ಟು ಸಿಟ್ಟು ಯಾಕೆ ಬಂತೋ ಗೊತ್ತಾಗಲಿಲ್ಲ. ಚಳಿಗಾಲ ಹತ್ತಿರ ಬಂದರೆ ಮಂಡಿ ನೋವಿನವರು ಹಾಗೇ ಅಂತೆ. ಆದರೂ ನಿನ್ನ ಪತ್ರ ಜೇಬಲ್ಲಿಟ್ಟುಕೊಂಡೇ ಕೋರ್ಟಿಗೆ ಹೋದೆ.

ಹೊರಗಿನ ಬೆಂಚಿನ ಮೇಲೆ ನಾವು ಬಹಳ ಮಂದಿ ಅಪರಾಧಿಗಳು ಕೂತಿದ್ದೆವು. ಟೋಪಿ ಹಾಕಿದ್ದವನು ನಾನೊಬ್ಬನೇ, ಎಲ್ಲರೂ ನನ್ನನ್ನೇ ನೋಡಿದರು, ಇವನು ಯಾವ ವೇಗದಲ್ಲಿ ಹೋಗಿ ಸಿಕ್ಕಿಬಿದ್ದಿರಬಹುದು ಅಂತ. ಅರ್ಲೀನ್ ಹಟನ್ ಬಂದು ನನ್ನ ಪಕ್ಕದಲ್ಲೇ ಕೂತಳು. ಅವಳ ಮಗ ಡ್ಯಾರಿಲ್ ಸ್ವಲ್ಪ ದೂರ ನಿಂತ. ನೀನು ಕೇಳು ಅಂದಿದ್ದೆಯಲ್ಲ, ಅವತ್ತು ಎಲ್ಲಿಗೆ ಹೊರಟಿದ್ದಿರಿ ಅಂತ ಕೇಳಿದೆ.

ಅವಳ ಗಂಡ ವೇನ್‌ಗೆ ಪಾರ್ಶ್ವವಾಯು ಹೊಡೆದಿದೆಯಂತೆ. ಊರಾಚೆ ವೃದ್ಧರ ಆರೈಕೆ ಮನೆಯಲ್ಲಿದ್ದಾನೆ. ಇವಳು ದಿನಾ ಹೋಗಿ ಊಟ ಮಾಡಿಸಿ, ಸಂಜೆ ತನಕ ಇದ್ದು ಬರುತ್ತಾಳೆ. ನರ್ಸುಗಳು ಚಮಚ ತಂದರೆ ಅವನು ಬಾಯಿ ಬಿಗಿ ಹಿಡಿಯುತ್ತಾನಂತೆ. ಇಷ್ಟು ಹೇಳಿ, ಮಗನಿಗೆ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿ ಅಂದಳು: "ಅವತ್ತು ನೀವು ಆ ಮಾತು ಹೇಳದಿದ್ದರೆ ಇವನು ಕೀ ಕಿತ್ಕೊಳ್ತಿದ್ದ. ಕಾಯ್ತಾ ಇದ್ದ. ನಿಮ್ಮಿಂದ ಉಳೀತು."

ಅಕ್ಕಾ, ಆ ಗಳಿಗೆಯಲ್ಲಿ ಪೆನ್ನು ಕೊಟ್ಟಿದ್ದರೆ ಸಹಿ ಹಾಕಿಬಿಡುತ್ತಿದ್ದೆ. ಆದರೆ ಒಳಗೆ ಕರೆದರು.

ನ್ಯಾಯಾಧೀಶರು ಹೆಂಗಸು, ನೆಗಡಿ ಆಗಿತ್ತು. ನಾವು ಆಣೆ ಇಡುವುದಿಲ್ಲ ಅಂತ ಅವರಿಗೇ ಗೊತ್ತಿತ್ತು. ಸತ್ಯ ಹೇಳುತ್ತೇನೆ ಅಂತಷ್ಟೇ ಹೇಳಿಸಿದರು. ಪೊಲೀಸ್ ಹುಡುಗ ಬರೆದದ್ದನ್ನು ಓದಿದ. ಆಮೇಲೆ ಅರ್ಲೀನ್, ಇವರೇ ತಪ್ಪು ಒಪ್ಪಿಕೊಂಡರು ಅಂತ ಹೇಳಿದಳು. ಪಾಪ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾಕೆ ಹಾಗೆ ಹೇಳಿದಿರಿ ಅಂತ ನ್ಯಾಯಾಧೀಶರು ಕೇಳಿದಾಗ ನಮ್ಮ ರೂಢಿ ವಿವರಿಸಿದೆ. ಅದನ್ನು ಕೇಳಿ ಅವರು ತುಂಬಾ ಹೊತ್ತು ಮೂಗು ಒರೆಸಿಕೊಂಡರು. ಈ ರೂಢಿ ಜಿಲ್ಲೆಗೆಲ್ಲ ಹಬ್ಬಿದರೆ ನನಗೆ ಕೆಲಸವೇ ಇರಲ್ಲ ಅಂದರು. ಜನ ನಕ್ಕರು. ಸಾಕ್ಷಿಯನ್ನು ನೀವು ಏನಾದರೂ ಕೇಳುವುದಿದೆಯಾ ಅಂತ ಅದೇ ಉಸಿರಿನಲ್ಲಿ ಕೇಳಿದರು.

ಏನೂ ಇಲ್ಲ ಅನ್ನಬೇಕು ಅಂತ ಎದ್ದು ನಿಂತೆ. ಹಾಗಂದಿದ್ದರೆ ದಂಡ ಕಟ್ಟಿ ಮನೆಗೆ ಬರುತ್ತಿದ್ದೆ, ಸಹಿಯ ಪಾಪವೂ ಇರುತ್ತಿರಲಿಲ್ಲ. ಆದರೆ ಕಣ್ಣ ಮುಂದೆ ಆ ರಸ್ತೆ ಬಂತು, ಬೆಳಿಗ್ಗೆ ಹೊತ್ತು, ಮಕ್ಕಳ ಸಾಲು. ಕೇಳಿದೆ.

"ಅಮ್ಮಾ, ನನ್ನ ಗಾಡಿ ನಿಮ್ಮ ಕಣ್ಣಿಗೆ ಬಿದ್ದದ್ದು ಯಾವಾಗ?"

ಅವಳು ಮಗನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಸದ್ದು ಕೇಳಿದ ಮೇಲೆ," ಅಂದಳು. "ಅದಕ್ಕೆ ಮುಂಚೆ ಅಲ್ಲಿ ಬರೀ ರಸ್ತೆ ಇತ್ತು."

ನಾನು ತಪ್ಪಿತಸ್ಥನಲ್ಲವಂತೆ. ಇದಕ್ಕೆ ಗೆಲ್ಲುವುದು ಅನ್ನುತ್ತಾರಂತೆ. ಹೊರಗೆ ಮೆಟ್ಟಿಲ ಮೇಲೆ ಡ್ಯಾರಿಲ್ ತಾಯಿಯ ಮುಂದೆ ಕೈ ಚಾಚಿದ. ಅವಳು ಕೀ ಗೊಂಚಲು ತೆಗೆದು, ಕಾರಿನ ಕೀಯನ್ನು ರಿಂಗಿನಿಂದ ಬಿಡಿಸಲು ನೋಡಿದಳು. ರಿಂಗು ಬಿಗಿಯಾಗಿತ್ತು, ಉಗುರು ಒಳಗೆ ಹೋಗಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಗೊಂಚಲನ್ನು ನನ್ನ ಕೈಗೆ ಕೊಟ್ಟಳು. ಚರ್ಮ ಹೊಲಿದು ಗಟ್ಟಿಯಾದ ಕೈ ನನ್ನದು. ನಾನೇ ಬಿಡಿಸಿಕೊಟ್ಟೆ.

ಆಟ್ಲಿ


ಸೋರೆಲ್ ಕ್ರೀಕ್
ಅಕ್ಟೋಬರ್ ೧೩

ಡೀನಕ್ಕಾ,

ನಿನ್ನ ಪತ್ರ ಬಂದಿಲ್ಲ. ಅಂಚೆಯವನು ಬಂದಾಗಲೆಲ್ಲ ಅಂಗಡಿಯಿಂದ ಹೊರಗೆ ಬರುತ್ತೇನೆ, ಬೀಜದ ಕಂಪನಿಯ ಜಾಹೀರಾತು ಕೊಟ್ಟು ಹೋಗುತ್ತಾನೆ. ನಾನು ಕೋರ್ಟಿಗೆ ಹೋದದ್ದಕ್ಕೆ ನಿನಗೆ ನಾಚಿಕೆಯಾಗಿದೆ ಅಂದುಕೊಂಡಿದ್ದೇನೆ. ಸಭೆಯ ಮುಂದೆ ಮಂಡಿಯೂರಿ ಅದಕ್ಕೆ ಕ್ಷಮೆ ಕೇಳಿದ್ದಾಯಿತು, ಅವರು ಕೊಟ್ಟದ್ದೂ ಆಯಿತು. ನೀನೂ ಕೊಡು.

ಆದರೆ ಭಾನುವಾರ ಒಬ್ಬೊಬ್ಬರನ್ನೂ ಕೇಳುತ್ತಾ ಬಂದರಲ್ಲ, ಎಲ್ಲರೊಂದಿಗೂ ಸಮಾಧಾನ ಇದೆಯಾ ಅಂತ, ನನ್ನ ಸರದಿ ಬಂದಾಗ ಇಲ್ಲ ಅಂದೆ. ಬೆಂಚುಗಳೆಲ್ಲ ಒಂದು ಸಲ ಕಿರ್ರೆಂದವು. ಸಭೆಗೆ ಮುಂಚೆ ನಾನು ಅರ್ಲೀನ್ ಹಟನ್ ಮನೆಗೆ ಹೋಗಿದ್ದೆ. ಬಾಗಿಲು ತೆಗೆದು, ನೋಡಿ, ಹಾಕಿಕೊಂಡಳು. ಕೋಪದಿಂದ ಬಡಿಯಲೂ ಇಲ್ಲ. ಮಗು ಮಲಗಿದ ಮನೆಯ ಬಾಗಿಲು ಹಾಕುವ ಹಾಗೆ ಮೆಲ್ಲಗೆ ಹಾಕಿದಳು. ಡ್ಯಾರಿಲ್ ಕೆಲಸಕ್ಕೆ ರಜೆ ಇದ್ದ ದಿನ ಮಾತ್ರ ಅವಳನ್ನು ಕರೆದುಕೊಂಡು ಹೋಗುತ್ತಾನಂತೆ. ಮಿಕ್ಕ ದಿನ ಮುದುಕ ಊಟವನ್ನು ಹಾಗೇ ಬಿಡುತ್ತಾನಂತೆ. ಇದನ್ನು ಹೇಳಿದ್ದು ಪಕ್ಕದ ಮನೆಯವಳು, ನಾನು ಕೇಳದೇನೇ.

ಬಿಷಪ್ ಯೂರಾ ಇಪ್ಪತ್ತೈದರ ತನಕ ಸಮಯ ಇದೆ ಅಂದರು. ನನ್ನೊಬ್ಬನಿಗೋಸ್ಕರ ಊರೆಲ್ಲ ಕಾಯುತ್ತಿದೆ. ದಾರಿಯಲ್ಲಿ ಸಿಕ್ಕಿದರೆ ಮಾಮೂಲಿಗಿಂತ ಹೆಚ್ಚು ಪ್ರೀತಿಯಿಂದ ಹವಾಮಾನ ವಿಚಾರಿಸುತ್ತಾರೆ. ಅದಕ್ಕಿಂತ ಬೈದಿದ್ದರೆ ವಾಸಿ.

ಇವತ್ತಿನಿಂದ ದಿನಾ ಹತ್ತು ಗಂಟೆಗೆ ಗಾಡಿ ಕಟ್ಟಿಕೊಂಡು ಹೋಗಿ ಅವಳ ಮನೆ ಮುಂದೆ ನಿಲ್ಲುವುದು ಅಂತ ತೀರ್ಮಾನಿಸಿದ್ದೇನೆ. ಇವತ್ತು ಅವಳು ಪರದೆ ಸರಿಸಿ ನೋಡಿ ಒಳಗೆ ಹೋದಳು.

ಆಟ್ಲಿ


ಬೇರ್ ರನ್
ಅಕ್ಟೋಬರ್ ೨೧

ಸನ್ಮಾನ್ಯ ಆಟ್ಲಿ ರೇಬರ್ ಅವರಿಗೆ,

ನಿನ್ನ ಹದಿಮೂರರ ಪತ್ರ ತಲುಪುವ ಮುಂಚೆ ನಿಮ್ಮೂರ ಕೋಶಾಕ್ಟನ್ ದಾರಿಯ ಫ್ಯಾನಿಯ ಪತ್ರ ತಲುಪಿತು. ಅವಳ ಪೆನ್ನು ಅಂಚೆ ರೈಲಿಗಿಂತ ಜೋರು. ನೀನು ದಿನಾ ಬೆಳಿಗ್ಗೆ ತಲೆ ಬಾಚಿ, ತೊಳೆದ ಅಂಗಿ ಹಾಕಿ, ಒಬ್ಬ ಇಂಗ್ಲಿಷ್ ಹೆಂಗಸನ್ನು ಪಕ್ಕದಲ್ಲೇ ಕೂರಿಸಿಕೊಂಡು ಊರಾಚೆ ಸವಾರಿ ಹೋಗ್ತೀಯಂತೆ. ಅವಳು ಲಿಪ್‌ಸ್ಟಿಕ್ ಹಚ್ಚಿರ್ತಾಳಂತೆ. ನೀನು ಅವಳ ಕಾಲಿಗೆ ಕಂಬಳಿ ಹೊದಿಸ್ತೀಯಂತೆ. ಫ್ಯಾನಿಯ ಪ್ರಕಾರ ಅದು ಲೋವಿನಾಳ ಕಂಬಳಿ. ಮುಂದಿನ ವಾಕ್ಯದಲ್ಲಿ ಅವಳು ನಿನಗಾಗಿ ಪ್ರಾರ್ಥನೆ ಮಾಡ್ತಿದ್ದಾಳೆ.

ಕೋರ್ಟು ಮೆಟ್ಟಿಲು ಹತ್ತಿದವನು ಇನ್ನೂ ಏನೇನು ಹತ್ತುತ್ತಾನೋ ಅಂತ ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ಆಮೇಲೆ ನಿನ್ನ ಪತ್ರ ಬಂತು. ಈಗ ಬೇರೆ ಕಾರಣಕ್ಕೆ ನಿದ್ದೆ ಇಲ್ಲ.

ಅಂತೂ ಅವಳು ಹತ್ತಿದಳು ಅಂತಾಯಿತು. ಹೇಗೆ ಹತ್ತಿದಳು? ಅದನ್ನು ಬರೆ.

ಡೀನಾ


ಸೋರೆಲ್ ಕ್ರೀಕ್
ಅಕ್ಟೋಬರ್ ೨೬

ಡೀನಕ್ಕಾ,

ಫ್ಯಾನಿಗೆ ನನ್ನ ನಮಸ್ಕಾರ ತಿಳಿಸು. ಕಂಬಳಿ ಲೋವಿನಾಳದೇ. ಮನೆಯಲ್ಲಿ ಬೇರೆ ಇಲ್ಲ. ಲಿಪ್‌ಸ್ಟಿಕ್ ವೇನ್‌ಗಾಗಿ. ಅವನಿಗೆ ಒಂದೇ ಕಣ್ಣು ಚೆನ್ನಾಗಿ ಕಾಣುವುದು, ಆ ಕಣ್ಣಿಗೆ ಗುರುತು ಸಿಗಲಿ ಅಂತ ದಟ್ಟವಾಗಿ ಹಚ್ಚುತ್ತಾಳೆ.

ಬುಧವಾರವೂ ಅವಳು ಬರಲಿಲ್ಲ. ಗುರುವಾರ ನಾನು ಲಗಾಮು ಹಿಡಿದು ಹೊರಡುವವನಿದ್ದೆ. ಬಾಗಿಲು ತೆರೆದು ಕೈಚೀಲ ಹಿಡಿದು ಬಂದಳು. ಊಟದ ಹೊತ್ತಿಗೆ ಅಲ್ಲಿರಬೇಕು, ನಿಮ್ಮ ಕುದುರೆಯಿಂದ ಆಗುತ್ತಾ ಅಂತ ಕೇಳಿದಳು. ಆಗುತ್ತೆ ಅಂದೆ. ಹಿಂದಿನ ಸೀಟು ತೋರಿಸಿದೆ. ಹಿಂದೆ ಕೂರಲ್ಲ ಅಂತ ಮುಂದೆ ಹತ್ತಿದಳು. ನಾನು ಕೈ ನೀಡಿದೆ, ಹಿಡಿಯಲಿಲ್ಲ. ಅವತ್ತು ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತಾ ಕೂತಳು. ಮರುದಿನ, ಡಾಲಿ ತುಂಬಾ ನಿಧಾನ ಅಂದಳು. ಅದರ ಮರುದಿನ, ಈ ಸೀಟು ಯಾವ ಪುಣ್ಯಾತ್ಮ ಮಾಡಿದ್ದು ಅಂತ ಕೇಳಿದಳು. ನಾನೇ ಅಂದೆ. ಗೊತ್ತಾಗುತ್ತೆ ಅಂದಳು.

ಶನಿವಾರ ಬಿಷಪ್ ಯೂರಾ ಬಂದರು. ಏನಪ್ಪಾ, ಸಮಾಧಾನ ಆಯಿತಾ ಅಂತ ಕೇಳಿದರು. ಗೊತ್ತಿಲ್ಲ, ಕ್ಷಮಿಸಿದೆ ಅಂತ ಅವಳು ಹೇಳಿಲ್ಲ, ಕುದುರೆಯ ಮೇಲೆ ದೂರು ಹೇಳುತ್ತಾಳೆ ಅಂದೆ. ಅವರು ಹಿಂದಿನ ಸೀಟಿಗೆ ಹತ್ತಿ ಕೂತರು. ಅರ್ಲೀನ್ ಬಂದವಳು ಆ ಗಡ್ಡವನ್ನು ನೋಡಿ, ಇವತ್ತು ಡಾಲಿ ಇನ್ನೂ ನಿಧಾನ ಅನ್ನಿ ಅಂದಳು. ಅರ್ಧ ದಾರಿ ಹೋದ ಮೇಲೆ ಬಿಷಪ್ ಹಿಂದಿನಿಂದ ನಮ್ಮ ಪ್ರಭುಭೋಜನದ ವಿಷಯ ಹೇಳಿ, ಈ ಮನುಷ್ಯನ ಜೊತೆ ನಿಮಗೆ ಸಮಾಧಾನ ಇದೆಯಾ ಅಂತ ಅವಳನ್ನೇ ಕೇಳಿಬಿಟ್ಟರು. ನಾನು ಡಾಲಿಯ ಕಿವಿ ನೋಡುತ್ತಾ ಕೂತೆ.

"ಸಮಾಧಾನ ಎಲ್ಲಿಂದ ಬರುತ್ತೆ?" ಅಂದಳು. "ಇವನು ಸರಿಯಾದ ಪ್ರಶ್ನೆನೇ ಕೇಳಿದ. ನಾನು ಸರಿಯಾದ ಉತ್ತರನೇ ಕೊಟ್ಟೆ. ದಿನಾ ಎದ್ದ ಕೂಡಲೇ ಸಿಟ್ಟು ಬರುತ್ತೆ. ಹತ್ತು ಗಂಟೆಗೆ ಇವನು ಬರದಿದ್ದರೆ ಇನ್ನೂ ಜಾಸ್ತಿ ಬರುತ್ತೆ." ಕಂಬಳಿ ಸರಿಮಾಡಿಕೊಂಡು ಹೇಳಿದಳು: "ನಿಮ್ಮ ರೊಟ್ಟಿ ಇವನು ತಿನ್ನಲಿ. ನನ್ನ ಸಿಟ್ಟು ನನ್ನ ಹತ್ತಿರ ಇರಲಿ. ಅದರಿಂದ ರೊಟ್ಟಿಗೇನೂ ಆಗಲ್ಲ."

ವಾಪಸು ಬರುವಾಗ, ಇಳಿಯುವ ಹೊತ್ತಿಗೆ ಬಿಷಪ್, ನಮ್ಮಲ್ಲಿ ಎಷ್ಟು ಜನ ಹೂಂ ಅಂತಾರಲ್ಲ ಆಟ್ಲಿ, ಇಷ್ಟು ಪ್ರಾಮಾಣಿಕವಾಗಿ ಒಬ್ಬರೂ ಹೇಳಿದ್ದು ನಾನು ಕೇಳಿಲ್ಲ ಅಂದರು. ನಿನ್ನೆ ಪ್ರಭುಭೋಜನ ಆಯಿತು. ನಾನೂ ತಿಂದೆ.

ನನ್ನ ಕತೆ ಇಷ್ಟು. ಈಗ ನಿನ್ನದು ಹೇಳು. ಬೇರೆ ಕಾರಣಕ್ಕೆ ನಿದ್ದೆ ಇಲ್ಲ ಅಂದರೆ ಏನು?

ಆಟ್ಲಿ


ಬೇರ್ ರನ್
ನವೆಂಬರ್ ೩

ಆಟ್ಲಿ,

ಮಂಡಿ ನೋವಿಲ್ಲ. ಯಾವತ್ತೂ ಇರಲಿಲ್ಲ. ನಿನ್ನ ಎಣ್ಣೆಯ ಸಲಹೆಗೆ ಥ್ಯಾಂಕ್ಸು.

ಮೇ ತಿಂಗಳಲ್ಲಿ ನಾನು ಗಾಡಿಯಲ್ಲಿ ಬರುವಾಗ ಅಂಚೆ ಡಬ್ಬಿಯ ಕಂಬಕ್ಕೆ ಗುದ್ದಿದೆ. ನಕ್ಕು ಸುಮ್ಮನಾದರು. ಆಮೇಲೆ ಒಂದು ಸಂಜೆ ಪಕ್ಕದ ಮನೆಯ ಹುಡುಗಿಯರು ರಸ್ತೆ ಬದಿ ನಡೀತಿದ್ದರು. ಕುದುರೆ ತಾನಾಗೇ ಪಕ್ಕಕ್ಕೆ ಸರೀತು. ಅದು ಸರಿದದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಆ ಹುಡುಗಿಯರು ಕಿರುಚಿದ ಮೇಲೆ. ಮಾರ್ವಿನ್ ಕೇಳಿದ, ಅಮ್ಮಾ, ಅವರು ನಿನಗೆ ಕಂಡಿದ್ದು ಯಾವಾಗ ಅಂತ. ನೀನು ಕೇಳಿದೆಯಲ್ಲ, ಅದೇ ಮಾತು. ನಾನು ಉತ್ತರ ಕೊಡಲಿಲ್ಲ. ಸಾರು ಕುದೀತಿದೆ ಅಂತ ಒಳಗೆ ಹೋದೆ. ಮರುದಿನ ನನ್ನ ಕುದುರೆಯ ಕಡಿವಾಣ ಅವನ ಕೊಟ್ಟಿಗೆಯಲ್ಲಿತ್ತು, ನನಗೆ ಎಟುಕದ ಗೂಟದ ಮೇಲೆ.

ಎಲ್ಲರೂ ಒಳ್ಳೆಯವರು. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗ್ತೀವಿ ಅಂತಾರೆ. ಕೇಳಬೇಕಲ್ಲ, ಅದೇ ನನಗೆ ಬಾರದು. ಅದಕ್ಕೇ ಮಂಡಿ ನೋವು ಬಂತು. ನಿನ್ನ ಕೋರ್ಟಿನ ಪತ್ರ ಓದಿ, ನನ್ನ ಕೀಯನ್ನೇ ನೀನು ಬಿಡಿಸಿಕೊಟ್ಟ ಹಾಗಾಯಿತು. ಅದಕ್ಕೇ ಬರೀಲಿಲ್ಲ. ಆದರೆ ಅವಳು ಎಲ್ಲರೆದುರು ಉತ್ತರ ಕೊಟ್ಟಳಲ್ಲ. ಅದನ್ನು ದಿನಾ ಓದ್ತೀನಿ. ಓದ್ತೀನಿ ಅಂದರೆ, ಸೊಸೆ ಓದಿ ಹೇಳ್ತಾಳೆ. ಈ ಪತ್ರವನ್ನೂ ಅವಳೇ ಬರೀತಿದ್ದಾಳೆ, ನಾನು ಹೇಳ್ತಾ ಇದ್ದೀನಿ. ಅವಳು ಅಳ್ತಿದ್ದಾಳೆ, ಅಕ್ಷರ ಕೆಟ್ಟರೆ ನನ್ನನ್ನು ಬೈಬೇಡ.

ನಾಳೆ ಬುಧವಾರ. ಕೌದಿ ಕೂಟಕ್ಕೆ ಬಿಟ್ಟು ಬಾ ಅಂತ ಮಾರ್ವಿನ್ ಹತ್ತಿರ ಕೇಳಿದ್ದೀನಿ. ಪಕ್ಕದಲ್ಲಿ ಕೂತು ಅಭ್ಯಾಸ ಇಲ್ಲ ನನಗೆ. ಅಪ್ಪ ಬದುಕಿದ್ದಾಗಲೂ ಲಗಾಮು ನಾನೇ ಹಿಡೀತಿದ್ದೆ. ಅದಕ್ಕೆ ಒಂದು ವಿಷಯ ಬರೆ. ನೀನು ಓಡಿಸುವಾಗ ಅರ್ಲೀನ್ ಪಕ್ಕದಲ್ಲಿ ಕೂತು ಏನು ಮಾಡ್ತಾಳೆ? ಕೈ ಎಲ್ಲಿ ಇಟ್ಟುಕೊಳ್ತಾಳೆ?

ಅಕ್ಕ


ಸೋರೆಲ್ ಕ್ರೀಕ್
ನವೆಂಬರ್ ೯

ಅಕ್ಕಾ,

ನಿನ್ನ ಪತ್ರ ಓದಿ ಅಂಗಡಿ ಬಾಗಿಲು ಹಾಕಿಕೊಂಡು ಕೂತಿದ್ದೆ. ನೀನು ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ. ಇವತ್ತು ಸರಿಯಾಗಿ ನೋಡಿಕೊಂಡು ಬಂದೆ.

ಕೈ ಎರಡನ್ನೂ ಚೀಲದ ಮೇಲೆ ಮಡಿಸಿಟ್ಟುಕೊಳ್ಳುತ್ತಾಳೆ. ಅವು ಅಲ್ಲಾಡುವುದಿಲ್ಲ. ಆದರೆ ಕಾಲು ನೋಡಬೇಕು. ಕಾರಿನಲ್ಲಿ ಬ್ರೇಕ್ ಇರುವ ಕಡೆ, ಕಂಬಳಿಯ ಅಡಿಯಲ್ಲಿ, ಅವಳ ಬಲಗಾಲು ಹಲಗೆಯ ಮೇಲೆ ಕಾದುಕೊಂಡಿರುತ್ತದೆ. ಯಾವುದಾದರೂ ಅಡ್ಡರಸ್ತೆ ಹತ್ತಿರ ಬಂತು ಅಂತ ಅವಳಿಗೆ ಅನ್ನಿಸಿದರೆ ಗಟ್ಟಿಯಾಗಿ ಒತ್ತುತ್ತಾಳೆ. ಒಂದೊಂದು ಸಲ ಅಲ್ಲಿ ರಸ್ತೆಯೇ ಇರುವುದಿಲ್ಲ, ಯಾರದೋ ಹೊಲದ ದಾರಿ ಇರುತ್ತದೆ.

ಅವಳು ಒತ್ತಿದ ಕೂಡಲೇ ನಾನು ಲಗಾಮು ಎಳೆಯುತ್ತೇನೆ. ಗಾಡಿ ನಿಲ್ಲುತ್ತದೆ. ಅವಳು ಎಡಕ್ಕೆ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ. ಹೂಂ, ಈಗ ಹೋಗಬಹುದು ಅನ್ನುತ್ತಾಳೆ.

ಆಮೇಲೆ ಹೊರಡುತ್ತೇವೆ.

ಆಟ್ಲಿ